ದವಡೆ ಹಲ್ಲು

"ಅತ್ತೂ ಅತ್ತೂ ಮುಖ ಊದ್ಕೊಂಡ್ಬಿಟ್ಟಿದೆ ಕಣೇ ನಮ್ ಹುಡುಗೀದು," ಎಂದು ಸುಂದರಮ್ಮ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು. "ಎಡಗೆನ್ನೆ ನೋಡಕ್ಕಾಗಲ್ಲ."

ಮಧುರಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಹಿಂದಿನ ದಿನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಗಂಡ ಕಶ್ಯಪ್ ಇಲ್ಲದ ಮನೆಯಲ್ಲಿ ಇದೇ ಮೊದಲ ಮಾಮೂಲು ಬೆಳಗು. ಕುಕ್ಕರ್ ಕೂಗಿತ್ತು. ಅತ್ತೆ ಸುಂದರಮ್ಮ ಅವಳಿಗೆಂದು ಅನ್ನ ಮೆತ್ತಗೆ ಮಾಡಿದ್ದರು, ಅತ್ತು ಗಂಟಲು ಕಟ್ಟಿರುತ್ತದೆಂದು.

ಕೆನ್ನೆ ಊದಿದ್ದು ದವಡೆ ಹಲ್ಲಿನಿಂದ. ಕಶ್ಯಪನನ್ನು ಎತ್ತಿಕೊಂಡು ಹೊರಟಾಗ ಹಲ್ಲಿನಿಂದ ಕಿವಿಯವರೆಗೆ ಸಿಡಿದು ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ಅವಳನ್ನು ಎದೆಗೊತ್ತಿಕೊಂಡಿದ್ದರು. ಆ ಕ್ಷಣ ಮಧುರಾ ಯೋಚಿಸುತ್ತಿದ್ದದ್ದು ಇನ್ನೊಂದು ಮಾತ್ರೆ ಯಾವಾಗ ನುಂಗಬಹುದೆಂದು. ಗಂಡನಿಗಾಗಿ ಒಂದು ಹನಿಯೂ ಬಂದಿರಲಿಲ್ಲ. ಹಲ್ಲನ್ನು ಡಾಕ್ಟರಿಗೆ ತೋರಿಸದೆ ಉಳಿದಿದ್ದೂ ಅದಕ್ಕೇ. ನೋವು ನಿಂತರೆ ಕಣ್ಣೀರೂ ನಿಲ್ಲುತ್ತದೆ. ಆಗ ಅತ್ತೆಗೆ ಗೊತ್ತಾಗಿಬಿಡುತ್ತದೆ.

ಆದರೆ ಆ ಬೆಳಿಗ್ಗೆ ಬಾಯಿ ತೆರೆಯಲೂ ಆಗಲಿಲ್ಲ. ಕಾಲೇಜಿಗೆ ಹೋಗಿಬರುತ್ತೇನೆಂದು ಹೇಳಿ ಶಂಕರಪುರಂನ ಹಲ್ಲಿನ ಡಾಕ್ಟರ ಬಳಿ ಹೋದಳು.

"ಇಷ್ಟು ದಿನ ಹೇಗ್ರೀ ತಡ್ಕೊಂಡ್ರಿ?" ಎಂದು ಡಾಕ್ಟರಮ್ಮ ಗದರಿದರು. "ನರ ತೆಗೀಬೇಕು. ಹಲ್ಲು ಹಾಗೇ ಇರುತ್ತೆ, ನೋವಿರಲ್ಲ."

ಇಂಜೆಕ್ಷನ್ ಚುಚ್ಚಿದರು. ಮಧುರಾ ವರ್ಷವರ್ಷವೂ ಬಿ.ಎಸ್ಸಿ. ಮಕ್ಕಳಿಗೆ ಕಲಿಸುವ ಪಾಠ ಅದು. ನರಕೋಶದ ಗೋಡೆಯಲ್ಲಿ ಸಣ್ಣ ಬಾಗಿಲುಗಳಿರುತ್ತವೆ. ಅವು ತೆರೆದು ಸೋಡಿಯಂ ಒಳನುಗ್ಗಿದರೆ ವಿದ್ಯುತ್ತಿನ ಅಲೆಯೊಂದು ಏಳುತ್ತದೆ. ನರದ ತುದಿಯಲ್ಲಿ ಅದು ರಾಸಾಯನಿಕವಾಗಿ ಮಾರ್ಪಟ್ಟು ಸಂದು ದಾಟಿ ಮುಂದಿನ ಕೋಶವನ್ನು ಎಬ್ಬಿಸುತ್ತದೆ. ಔಷಧಿ ಆ ಬಾಗಿಲುಗಳನ್ನು ಮುಚ್ಚುತ್ತದೆ. ಗಾಯ ಇದ್ದಲ್ಲೇ ಇರುತ್ತದೆ, ಸುದ್ದಿ ಮಾತ್ರ ಹೊರಡುವುದಿಲ್ಲ. ಅರ್ಧ ತುಟಿ ಮರಗಟ್ಟಿತು. ಅವಳು ಕಣ್ಣು ಮುಚ್ಚಿ ಕಾದಳು. ಈಗಲಾದರೂ ಬರಬೇಕಾದದ್ದು ಬರಲಿ ಎಂದು. ಏನೂ ಬರಲಿಲ್ಲ.

ಮನೆಯಲ್ಲಿ ಸುಂದರಮ್ಮ ಊಟ ಮಾಡಿ ಮಲಗಿದ್ದರು. ಮಧುರಾ ಹಾಸಿಗೆ ಕೊಡವಿದಾಗ ಮಂಚಕ್ಕೂ ಗೋಡೆಗೂ ನಡುವೆ ಕೆಂಪು ಹಾಟ್ ವಾಟರ್ ಬ್ಯಾಗ್ ಸಿಕ್ಕಿತು. ಹಲ್ಲುನೋವು ಶುರುವಾದ ಸಂಜೆ ಕಶ್ಯಪ್ ಕೆಳಗಿನ ಮನೆಯ ಶೀನಣ್ಣನಿಂದ ಇಸಕೊಂಡು ಬಂದು, ನೀರು ಕಾಯಿಸಿ ತುಂಬಿ, ಅವಳ ಕೆನ್ನೆಯ ಕೆಳಗಿಟ್ಟಿದ್ದ. ಬೆಳಿಗ್ಗೆ ಅವನು ಏಳಲಿಲ್ಲ. ಹೃದಯಾಘಾತ ಎಂದಿದ್ದರು ಡಾಕ್ಟರು.

ಅವಳು ಬ್ಯಾಗು ಹಿಂದಿರುಗಿಸಲು ಕೆಳಗಿಳಿದಾಗ ಶೀನಣ್ಣ ಜಗುಲಿಯಲ್ಲಿ ಸೊಂಟಕ್ಕೆ ದಿಂಬು ಕೊಟ್ಟುಕೊಂಡು ಕೂತಿದ್ದರು.

"ಇದಕ್ಯಾಕೆ ಅರ್ಜೆಂಟಿತ್ತಮ್ಮ?"

"ನಿಮ್ಗೆ ಸೊಂಟ ನೋವು. ಕೇಳಿ ಇಸ್ಕೋಬಾರ್ದಿತ್ತಾ ಶೀನಣ್ಣ?"

"ಸಾವಿನ ಮನೇಗೆ ಬಂದು ರಬ್ಬರ್ ಚೀಲ ಕೇಳ್ಲಾ? ನಮ್ಮೋಳು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒತ್ತಿದ್ಲು. ಪಂಚೆ ಸುಟ್ಟೋಯ್ತು." ಅವರು ಬ್ಯಾಗನ್ನು ಅಲುಗಿಸಿದರು. "ಅವತ್ತು ಇದನ್ನ ಕೇಳಕ್ಕೆ ಬಂದವ್ನು ಏನಂದ ಗೊತ್ತಾ? 'ನೋವಾಗ್ತಿದ್ಯಾ ಅಂತ ಕೇಳಿದ್ರೆ ನೋವು ಅನ್ನಲ್ಲ ಶೀನಣ್ಣ, ನರದ ಪಾಠ ಮಾಡ್ತಾಳೆ' ಅಂದ."

ಮಧುರಾಳ ಅರ್ಧ ತುಟಿ ನಗಲು ಹೋಯಿತು.

"ನಾನು ಅತ್ತಿದ್ದೆಲ್ಲ ಹಲ್ಲಿಗೆ ಶೀನಣ್ಣ. ಅತ್ತೆ ಇನ್ನೇನೋ ಅಂದ್ಕೊಂಡಿದಾರೆ."

ಶೀನಣ್ಣ ಅವಳ ಕೆನ್ನೆಯನ್ನೇ ನೋಡಿದರು. "ಕೀಳಿಸ್ದ್ಯಾ?" ಎಂದರು.

"ನರ ತೆಗೆದ್ರು."

"ಹ್ಞೂಂ." ಅವರು ಮುಚ್ಚಳ ತಿರುಗಿಸಿದರು. "ಇದ್ರಲ್ಲಿ ಇನ್ನೂ ನೀರಿದೆಯಲ್ಲಮ್ಮ."

ಅವರು ಬಗ್ಗಿ ದಾಸವಾಳದ ಕುಂಡಕ್ಕೆ ಬ್ಯಾಗನ್ನು ಬೋರಲು ಮಾಡಿದರು. ಮಧುರಾ ಕೈಯೊಡ್ಡಿದಳು. ರಬ್ಬರಿನ ವಾಸನೆಯ ನೀರು ಅಂಗೈ ತುಂಬಿ, ಬೆರಳ ಸಂದಿಯಿಂದ ಮಣ್ಣಿಗಿಳಿಯಿತು. ಬ್ಯಾಗು ಬರಿದಾಗಿ ಚಪ್ಪಟೆಯಾದ ಮೇಲೂ ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.