ಕೈ ನಡುಗುವ ದೃಶ್ಯ

ಮುಖವಾಡದ ವೀರ ಮಹಾಭುಜನ ಮೂರನೆಯ ಸಿನಿಮಾ ಬರೆಯುವ ಹೊತ್ತಿಗೆ ಲೇಖಕಿಗೆ ಸಾಕುಸಾಕಾಗಿ ಹೋಗಿತ್ತು. ಮೊದಲೆರಡರಲ್ಲಿ ಅವನು ಸೇತುವೆ ಎತ್ತಿದ್ದ, ರೈಲು ಎತ್ತಿದ್ದ; ನೋಡುವವರ ಹುಬ್ಬನ್ನು ಮಾತ್ರ ಎತ್ತಿಸಿರಲಿಲ್ಲ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎಂದು ಅವಳ ಸ್ವಂತ ಅಕ್ಕನೇ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದಳು. ಜನ ಬೈಯುವುದು ಯಾವಾಗಲೂ ಬರೆದವರನ್ನೇ. ಕಥೆ ಕೆಟ್ಟರೆ ಕಥೆ ಸರಿಯಿಲ್ಲ ಅನ್ನುತ್ತಾರೆ. ಹೀರೋನ ಮುಖದಲ್ಲಿ ಒಂದು ಗೆರೆ ಅಲುಗದಿದ್ದರೆ ಆಗಲೂ ಕಥೆ ಸರಿಯಿಲ್ಲ ಅನ್ನುತ್ತಾರೆ.

ಈ ಸಲ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ದೃಶ್ಯ. ರೈಲು ಎತ್ತುವವನು ಕಾಯಿಲೆ ಬಿದ್ದ ತಾಯಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಬೇಕು. ಎಲ್ಲಿ ಬಲ ಹೆಚ್ಚಾಗಿ ಮೂಳೆ ಮುರಿದೀತೋ ಎಂದು ಅವನ ಕೈ ನಡುಗುತ್ತದೆ. ಅಷ್ಟೇ. ಇದು ಅವಳು ಕಟ್ಟಿದ್ದಲ್ಲ. ಗೋದಾಮಿನಲ್ಲಿ ಮೂಟೆ ಹೊತ್ತು ಹೆಗಲು ಜಡ್ಡುಗಟ್ಟಿದ್ದ ಅವಳ ಅಪ್ಪ, ಆಸ್ಪತ್ರೆಯ ಮಂಚದ ಬಳಿ ನಿಂತು ಅಮ್ಮನ ಬೆನ್ನ ಹಿಂದೆ ಕೈ ಒಯ್ದು, ಮುಟ್ಟಲಾರದೆ ಹಿಂದಕ್ಕೆ ತೆಗೆದದ್ದನ್ನು ಅವಳು ಬಾಗಿಲಲ್ಲಿ ನಿಂತು ಕಂಡಿದ್ದಳು. ಈಗ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಆ ಕೈ ಎಲ್ಲಾದರೂ ಉಳಿಯಲಿ ಎಂಬುದೊಂದೇ ಅವಳ ಆಸೆ.

ಪಾತ್ರಗಳಿಗೆ ನಟರನ್ನು ಹುಡುಕುವುದು ಅವಳ ಮೈದುನನ ಕೆಲಸ. ಅವನು ಮಹಾಭುಜನ ಪಾತ್ರಕ್ಕೆ ನಾಟಕದವನೊಬ್ಬನನ್ನು ಹಿಡಿದು ತಂದ. ಮೈಯಲ್ಲಿ ಮಾಂಸವಿಲ್ಲದ ಆಳು. ಎಲ್ಲರ ಬಾಯಲ್ಲೂ ಅವನು ಕಡ್ಡಿ. ಖಾಲಿ ಕುರ್ಚಿಯನ್ನೇ ತಾಯಿಯೆಂದುಕೊಂಡು ಕಡ್ಡಿ ಆ ದೃಶ್ಯ ಮಾಡಿ ತೋರಿಸಿದಾಗ ಲೇಖಕಿ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

"ಪೋಸ್ಟರ್ ಮೇಲೆ ಕಡ್ಡಿ ಹಾಕಿದ್ರೆ ಯಾರಮ್ಮ ಬರ್ತಾರೆ?" ಎಂದು ನಿರ್ಮಾಪಕರು ಹಳೆಯ ಹೀರೋನನ್ನೇ ಉಳಿಸಿಕೊಂಡರು.

ಹೀರೋ ದೃಶ್ಯ ಕೇಳಿ ತಲೆಯಾಡಿಸಿದ. "ನನ್ನ ಕೈ ನಡುಗಲ್ಲ ಮೇಡಂ. ಅಭಿಮಾನಿಗಳು ಒಪ್ಪಲ್ಲ. ತಾಯೀನ ಮಂಚದ ಸಮೇತ ಎತ್ತಿಬಿಡ್ತೀನಿ, ಹೇಗೆ?"

ಅವಳು ತಿದ್ದಿದಳು, ಮತ್ತೆ ತಿದ್ದಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೀರೋ ಮಂಚ ಬಿಟ್ಟು ಕೆಳಗಿಳಿಯಲಿಲ್ಲ. ಕೊನೆಗೆ ದಾರಿ ತೋರಿಸಿದವನು ಮೈದುನ.

"ಅತ್ತಿಗೆ, ಮುಖವಾಡ ಹಾಕ್ಕೊಂಡಿರೋ ಸೀನುಗಳಿಗೆ ಅವನೆಲ್ಲಿ ಬರ್ತಾನೆ? ವ್ಯಾನಲ್ಲಿ ತಣ್ಣಗೆ ಮಲಗಿರ್ತಾನೆ. ಬಟ್ಟೆಯೊಳಗೆ ಯಾರಿದ್ರೇನು, ತೋಳು ತೊಡೆ ಎಲ್ಲಾ ಸ್ಪಂಜು. ಕಡ್ಡೀದೂ ಅವನದೂ ಒಂದೇ ಎತ್ತರ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಹಾಭುಜ ಹೋರಾಟ ಮುಗಿಸಿ ನೇರ ತಾಯಿಯ ಬಳಿಗೆ ಬರುತ್ತಾನೆ, ಮುಖದ ಗಾಯ ಅವಳಿಗೆ ಕಾಣಬಾರದೆಂದು ಮುಖವಾಡ ತೆಗೆಯುವುದಿಲ್ಲ ಎಂದು ಅವಳು ಬರೆದಳು. ಮಾತೇ ಇಲ್ಲದ ದೃಶ್ಯ. ಮುಖವಾಡದ ಸೀನು ಎಂದ ಕೂಡಲೇ ಹೀರೋ ಪುಟ ಮಗುಚಿದ. ಕಡ್ಡಿ ಬಂದು ಮಾಡಿದ, ಆ ದೃಶ್ಯದ ಚಿತ್ರೀಕರಣ ಮುಗಿಯಿತು.

ಅಲ್ಲಿಯವರೆಗೆ ಚಿತ್ರಿಸಿ ಜೋಡಿಸಿದ ಭಾಗಗಳನ್ನು ನೋಡಲು ಹೀರೋ ಬಂದ ದಿನ ಕತ್ತಲೆ ಕೋಣೆಯಲ್ಲಿ ನಿರ್ಮಾಪಕರು, ಮೈದುನ, ಲೇಖಕಿ ಇದ್ದರು. ಆ ದೃಶ್ಯ ಬಂತು. ದಪ್ಪ ಕೈಗವಸಿನೊಳಗಿನ ಬೆರಳುಗಳು ತಾಯಿಯ ಬೆನ್ನಿನ ಹತ್ತಿರ ಹೋಗಿ ನಿಂತವು, ನಡುಗಿದವು, ಹಿಂದಕ್ಕೆ ಬಂದವು.

"ಯಾರಿದು?" ಎಂದ ಹೀರೋ.

"ನಾಟಕದ ಹುಡುಗ," ಎಂದ ಮೈದುನ.

"ಇನ್ನೊಂದ್ಸಲ ಹಾಕಿ."

ಎರಡನೆಯ ಸಲವೂ ಹೀರೋ ಕೊನೆಯವರೆಗೆ ನೋಡಿದ. "ಇದು ನನ್ನ ಕೈಲಿ ಆಗ್ತಿರ್ಲಿಲ್ಲ," ಎಂದ, ಯಾರಿಗೂ ಅಲ್ಲ ಎಂಬಂತೆ. ಲೇಖಕಿಗೆ ಅವನ ಮೇಲೆ ಮೊದಲ ಬಾರಿಗೆ ಅಯ್ಯೋ ಅನ್ನಿಸಿತು. ಆಮೇಲೆ ಅವನು ಎದ್ದು ಅಂಗಿ ಸರಿಮಾಡಿಕೊಂಡ. "ಸೀನ್ ಇರಲಿ. ಆದ್ರೆ ಇದು ನಾನೇ ಅಂತ ಜನ ನಂಬಬೇಕು. ಅವನ ಹೆಸರು ಎಲ್ಲೂ ಬರಕೂಡದು. ಬರೋದಾದ್ರೆ ಸೀನ್ ಕಿತ್ತುಹಾಕಿ."

ನಿರ್ಮಾಪಕರು ಲೇಖಕಿಯ ಮುಖ ನೋಡಿದರು. "ಅತ್ತಿಗೆ, ಆ ಹುಡುಗನ ಹೆಸರು..." ಎಂದು ಮೈದುನ ಸಣ್ಣಗೆ ಎಚ್ಚರಿಸಿದ.

"ಆಗಲಿ," ಎಂದಳು ಅವಳು.

ವಾದ ಮಾಡುವ ತ್ರಾಣ ಉಳಿದಿರಲಿಲ್ಲ ಎಂದರೆ ಅರ್ಧ ನಿಜ. ಇನ್ನರ್ಧ, ಅಪ್ಪನ ಕೈ ಪರದೆಯ ಮೇಲಿತ್ತು. ಅದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಅಂದು ಸಂಜೆ ಅವಳು ಹೋದಾಗ, ಮುಖವಾಡದ ಒಂದು ಹೊಡೆದಾಟದ ಚಿತ್ರೀಕರಣ ಮುಗಿಸಿಕೊಂಡು ಕಡ್ಡಿ ಬಟ್ಟೆ ಕೋಣೆಯಲ್ಲಿ ನಿಂತಿದ್ದ. ಮುಖವಾಡ ಕಂಕುಳಲ್ಲಿತ್ತು, ಕೂದಲು ಹಣೆಗೆ ಅಂಟಿತ್ತು. "ಉಳೀತಾ ಮೇಡಂ, ನಮ್ಮ ಸೀನು?"

"ಉಳೀತು."

ಅವನ ಮುಖ ಅರಳಿತು. "ನಮ್ಮಮ್ಮನಿಗೆ ಹೇಳಿಟ್ಟಿದ್ದೀನಿ. ಸಿನಿಮಾ ಮುಗೀತು ಅಂತ ಎದ್ದು ಬರ್ಬೇಡ, ಹೆಸರುಗಳು ಬರೋವರೆಗೂ ಕೂತಿರು ಅಂತ."

"ನಿನ್ನ ಹೆಸರು ಬರಲ್ಲ ಕಣಪ್ಪ."

"ಹೀರೋ ಬೇಡ ಅಂದ್ರಾ?"

"ಹೂಂ."

"ನೀವೇನಂದ್ರಿ?"

ಜಗಳ ಆಡಿದೆ, ಕೇಳಲಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳುವುದಕ್ಕೂ ಅವಳಿಗೆ ಆಯಾಸವಾಯಿತು.

"ಆಗಲಿ ಅಂದೆ."

ಕಡ್ಡಿ ಮುಖವಾಡವನ್ನು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸಿ ನಿಂತ.

"ಜಿಪ್ ಎಳೀರಿ ಮೇಡಂ. ಇದನ್ನ ಒಬ್ಬನೇ ಬಿಚ್ಚೋಕಾಗಲ್ಲ."

ಅವಳು ಎಳೆದಳು. ಸ್ಪಂಜಿನ ತೋಳುಗಳು ಎರಡೂ ಕಡೆಗೆ ಜೋತುಬಿದ್ದವು. ಒಳಗಿನ ಸಣಕಲು ಬೆನ್ನು ಬೆವರಿನಲ್ಲಿ ತೊಯ್ದಿತ್ತು. ಅವನು ತಿರುಗಲಿಲ್ಲ. ಅಲ್ಲಿಂದಲೇ "ಥ್ಯಾಂಕ್ಸ್ ಮೇಡಂ," ಎಂದ.