ಪ್ರತ್ಯಕ್ಷದರ್ಶಿಯ ಬಿಳಿ ಅಂಗಿ

ಹೊಸತಾಗಿ ಕಡಿದ ಮಣ್ಣಿನ ವಾಸನೆ ಎಂದರೆ ನನಗೆ ಅಪ್ಪನ ಹೆಗಲ ವಸ್ತ್ರ, ಬೈರಾಸು. ಬಾವಿ ತೋಡಿ ಸಂಜೆ ಬಂದವನ ಹೆಗಲಿನಿಂದ ಅದನ್ನು ಎಳೆದುಕೊಂಡು ನಾನೂ ತಮ್ಮ ದುಗ್ಗಪ್ಪನೂ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆವು. ತಣ್ಣಗೆ, ತುಕ್ಕು ಹಿಡಿದ ಕಬ್ಬಿಣದಂಥ ವಾಸನೆ. ಮೊನ್ನೆ ಬೆಳಿಗ್ಗೆ ಅಂಥದೇ ಮಣ್ಣಿನೊಳಗಿಂದ ದುಗ್ಗಪ್ಪನನ್ನು ಹನ್ನೊಂದು ಮಂದಿ ಕೈಯಲ್ಲೇ ಬಗೆದು ಹೊರತೆಗೆದೆವು. ನಿನ್ನೆ ಇನ್ನೊಂದು ಕಡೆ ಮಣ್ಣು ಮಾಡಿ, ತೊರೆಯಲ್ಲಿ ಮುಳುಗಿ, ಒಗೆದ ಬಟ್ಟೆ ಉಟ್ಟುಕೊಂಡೆವು.

ಇಂದು ಟಿವಿಯವರು ಬಂದರು.

“ಛೆ, ಇವ್ರೆಲ್ಲ ಇಷ್ಟು ಕ್ಲೀನ್ ಆಗಿದ್ದಾರಲ್ಲ,” ಎಂದ ವರದಿಗಾರ. ಹೆಸರು ಕೌಶಲ್, ಬೆಂಗಳೂರಿನಿಂದ ಬಂದವನು. ಗುಡ್ಡ ಬಿದ್ದದ್ದು ರಾಮಕುಂಜದಿಂದ ಒಳಗಿರುವ ನಮ್ಮ ಕಾಲನಿಯ ಮೇಲೆ, ಬೇಸರವಾದದ್ದು ಅವನಿಗೆ. ರಸ್ತೆ ಮುಚ್ಚಿದ್ದರಿಂದ ಎರಡು ದಿನ ತಡವಾಗಿತ್ತು. ಮಳೆ ನಿಂತಿತ್ತು. ಹೆಣ ಇರಲಿಲ್ಲ. ಅಳುವವರೂ ಅತ್ತು ಮುಗಿಸಿದ್ದರು.

ಕಾಲನಿಯವರು ನನ್ನನ್ನು ಮುಂದೆ ತಳ್ಳಿದರು. ಪುತ್ತೂರಿನಲ್ಲಿ ಬಿ.ಎ. ಓದಿದವಳು, ಸತ್ತವನ ಅಕ್ಕ. ಕೌಶಲ್ ಎರಡು ವಾಕ್ಯ ಕೇಳಿ ಮೈಕು ಇಳಿಸಿದ. ನಾನು ಚೆನ್ನಾಗಿಯೇ ಮಾತಾಡುತ್ತೇನಂತೆ, ಆದರೆ ಸಂತ್ರಸ್ತೆಯ ಹಾಗೆ ಕಾಣುವುದಿಲ್ಲವಂತೆ. ಕನ್ನಡಕ ತೆಗೆದರೆ ನೋಡಬಹುದಂತೆ. ನಾನು ತೆಗೆಯಲಿಲ್ಲ.

ಹಾಗಾಗಿ ಪ್ರತ್ಯಕ್ಷದರ್ಶಿಯಾಗಿ ತಿರುಮಲೇಶ್ವರ ಧಣಿಗಳು ಸಿಕ್ಕಿದರು. ಗುಡ್ಡ ಅವರದು. ಅದು ಬೀಳುವಾಗ ಎರಡು ಮೈಲಿ ಆಚೆ ಹೊದ್ದು ಮಲಗಿದ್ದರು. ಬಿಳಿ ಅಂಗಿ, ಬಿಳಿ ಪಂಚೆ. ಕಣ್ಣಾರೆ ಕಂಡದ್ದನ್ನು ಅವರು ಮೂರು ಟೇಕ್‌ಗಳಲ್ಲಿ ಹೇಳಿದರು. ಮೊದಲನೆಯದರಲ್ಲಿ ಶಬ್ದ ಕೇಳಿ ಓಡಿಬಂದರು. ಎರಡನೆಯದರಲ್ಲಿ ಹಾರೆ ಹಿಡಿದರು. ಮೂರನೆಯದರಲ್ಲಿ ಕೈಯಾರೆ ಮಣ್ಣು ಬಗೆದು ದುಗ್ಗಪ್ಪನನ್ನು ಎತ್ತಿದರು. ಇನ್ನೊಂದು ಟೇಕ್ ಆಗಿದ್ದರೆ ಅವನು ಬದುಕಿಯೂ ಬಿಡುತ್ತಿದ್ದ.

“ಪ್ರಕೃತಿ ಮುನಿದ್ರೆ ಯಾರು ಎಂತ ಮಾಡುದು?” ಎಂದು ಮುಗಿಸಿದರು.

ಪ್ರಕೃತಿ ಕಳೆದ ಬೇಸಿಗೆಯಲ್ಲಿ ಜೆಸಿಬಿಯಲ್ಲಿ ಬಂದಿತ್ತು. ಧಣಿಗಳ ರಬ್ಬರ್ ತೋಟಕ್ಕೆ ದಾರಿ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಹೋಗಿತ್ತು. ಅರ್ಧ ಬಿದ್ದಿದೆ. ಇನ್ನರ್ಧ ಮೂರು ಮನೆಗಳ ತಲೆಯ ಮೇಲೆ ಬಿರುಕು ಬಿಟ್ಟು ನಿಂತಿದೆ. ಆ ಮನೆಗಳಲ್ಲಿ ಹದಿನಾಲ್ಕು ಜನ. ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಅವರನ್ನೂ ಸೇರಿಸಿಕೊಳ್ಳಿ ಎಂದು ಕೇಳಿದ್ದಕ್ಕೆ, ಅದು ಮನೆ ಬಿದ್ದವರಿಗೆ ಮಾತ್ರ, ಬೀಳಲಿರುವ ಮನೆಗಳಿಗೆ ಅರ್ಜಿ ನಮೂನೆ ಇಲ್ಲ ಎಂದು ಕಂದಾಯ ಇಲಾಖೆಯಿಂದ ಉತ್ತರ ಬಂದಿತ್ತು. ಇನ್ನೊಂದು ಮಳೆ ಬರುವ ಮೊದಲು ಇದನ್ನು ಟಿವಿಯಲ್ಲಿ ಹೇಳಬೇಕು ಎಂದೇ ದುಗ್ಗಪ್ಪನ ಹೆಂಡತಿ ಚೆನ್ನು ಬೆಳಿಗ್ಗೆಯಿಂದ ಕಾದು ನಿಂತಿದ್ದಳು.

“ಅಮ್ಮಾ, ಗಂಡನ ಶವ ನೋಡಿದಾಗ ನಿಮಗೆ ಏನನ್ನಿಸ್ತು?”

“ಅದು ಇರಲಿ. ಮೇಲೆ ಇನ್ನೂ ಗುಡ್ಡ ಉಂಟು...”

ಕೌಶಲ್ ಕೈ ಎತ್ತಿ ತಡೆದ. ಅದನ್ನೆಲ್ಲ ಸ್ಟುಡಿಯೋದಲ್ಲಿ ತಜ್ಞರು ಹೇಳುತ್ತಾರೆ, ನೀವು ಫೀಲಿಂಗ್ ಮಾತ್ರ ಹೇಳಿ ಎಂದ. ಧಣಿಗಳು ತುಳುವಿನಲ್ಲಿ ಗದರಿದರು: “ಬೇವರ್ಸಿ, ಕೇಳಿದ್ದಕ್ಕೆ ಉತ್ತರ ಹೇಳು. ನಾಳೆಯಿಂದ ಕೆಲಸಕ್ಕೆ ಬರುದು ಬೇಡವಾ ನಿನಗೆ?”

ಕ್ಯಾಮರಾ ಹಿಡಿದ ಲತೀಶ್ ಪುತ್ತೂರಿನವನು, ತುಳು ಅರ್ಥವಾಗುತ್ತದೆ. ಅವನು ಚೆನ್ನುವಿನ ರವಿಕೆಯ ತೋಳು ಹರಿದದ್ದನ್ನು ಕಂಡು, ಅವಳು ಸೆರಗು ಸರಿಮಾಡಿಕೊಳ್ಳುವವರೆಗೆ ಕ್ಯಾಮರಾವನ್ನು ಒಂದು ಹಲಸಿನ ಮರದ ಕಡೆ ತಿರುಗಿಸಿ ನಿಂತ.

ಲೈವ್‌ಗೆ ಐದು ನಿಮಿಷವಿತ್ತು. ನಮ್ಮ ಒಗೆದ ಬಟ್ಟೆ ಮತ್ತೆ ಕೌಶಲನ ಕಣ್ಣಿಗೆ ಬಿತ್ತು.

“ಎಲ್ರೂ ಸ್ವಲ್ಪ ಮಣ್ಣು ಹಚ್ಕೊಳ್ಳಿ. ಕೈಗೆ, ಮುಖಕ್ಕೆ. ಈಗಷ್ಟೇ ಅಗೆದು ಬಂದ ಹಾಗೆ ಕಾಣ್ಬೇಕು.”

ಹೆಣ ಮುಟ್ಟಿ ಮಿಂದು ಬಂದವರಿಗೆ ಮತ್ತೆ ಅದೇ ಮಣ್ಣು. ಯಾರೂ ಅಲುಗಾಡಲಿಲ್ಲ. ಧಣಿಗಳು ಒಂದು ಹೆಂಟೆಯನ್ನು ಕಾಲಿನಿಂದ ನಮ್ಮ ಕಡೆ ಒದ್ದರು.

“ಹಚ್ಚಿಕೊಳ್ಳಿ ಮಾರಾಯ್ರೆ. ಹುಟ್ಟಿದಂದಿನಿಂದ ಮಣ್ಣಲ್ಲೇ ಬಿದ್ದಿದ್ದವರು, ಈಗ ಎಂತ ಮಡಿ ನಿಮಗೆ?”

ಚೆನ್ನು ಹೆಂಟೆಯನ್ನು ನೋಡಿದಳು. ಇದು ಒಣಗಿದೆ, ಮೈಗೆ ಹಿಡಿಯುವುದಿಲ್ಲ, ಒಳ್ಳೆಯ ಹಸಿ ಮಣ್ಣು ಮೇಲೆ ಉಂಟು, ಬನ್ನಿ ಎಂದಳು. ಕೌಶಲನಿಗೆ ಖುಷಿಯಾಯಿತು. ಅವನ ಹೊಸ ಬೂಟು ಜಾರದಂತೆ ನಮ್ಮ ಜತ್ತಪ್ಪ ಕೈಹಿಡಿದು ಹತ್ತಿಸಿದ. ಧಣಿಗಳು ಬೇಡ, ಅಲ್ಲಿ ಅಪಾಯ ಎಂದರು. ಆ ಗುಡ್ಡದ ಬಗ್ಗೆ ಅವರ ಬಾಯಿಂದ ಅಪಾಯ ಎಂಬ ಮಾತು ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಲೈವ್ ಶುರುವಾಗಿತ್ತು. ಪ್ರತ್ಯಕ್ಷದರ್ಶಿ ಹಿಂದೆ ಉಳಿಯುವಂತಿರಲಿಲ್ಲ.

ಮೇಲೆ ಕಡಿದ ಗುಡ್ಡ ಗೋಡೆಯಂತೆ ನಿಂತಿತ್ತು. ಜೆಸಿಬಿಯ ಬಕೆಟಿನ ಹಲ್ಲುಗಳು ಗೀರಿದ ಗುರುತು ಮಳೆಗೂ ಅಳಿದಿರಲಿಲ್ಲ. ಬಾಚಣಿಗೆಯಲ್ಲಿ ಬಾಚಿದ ಹಾಗೆ, ಸಾಲು ಸಾಲು. ಚೆನ್ನು ಆ ಗೀರುಗಳೊಳಗೆ ಐದು ಬೆರಳು ತೂರಿಸಿ ಮಣ್ಣು ಕಿತ್ತಳು. ಲತೀಶನಿಗೆ ಯಾರೂ ಹೇಳಲಿಲ್ಲ. ಕ್ಯಾಮರಾ ಅವಳ ಮುಖವನ್ನು ಬಿಟ್ಟು ಗೀರುಗಳ ಮೇಲೆ ನಿಧಾನವಾಗಿ ಹರಿದು, ಬಿರುಕಿಗೆ ಏರಿ, ಕೆಳಗಿನ ಮೂರು ಮನೆಗಳ ಮಾಡಿನ ಮೇಲೆ ಇಳಿಯಿತು.

ಚೆನ್ನು ಧಣಿಗಳ ಕಡೆ ತಿರುಗಿದಳು. ಮೂವತ್ತು ವರ್ಷ ಅವರ ಅಂಗಳದ ಹೊರಗೇ ನಿಂತು ನೀರು ಕುಡಿದವಳು.

“ನೀವು ಕೈಯಾರೆ ಬಗೆದದ್ದಲ್ವಾ ಧಣಿಗಳೇ. ನಿಮಗೇ ಮಣ್ಣು ಇಲ್ಲದಿದ್ರೆ ಹೇಗೆ?”

ಎರಡೂ ಕೈಯನ್ನು ಆ ಬಿಳಿ ಅಂಗಿಯ ಎದೆಗೆ ಒರೆಸಿದಳು. ಏನೂ ಅವಸರವಿಲ್ಲದೆ, ಒಲೆ ಸಾರಿಸುವ ಹಾಗೆ. ಧಣಿಗಳ ಬಾಯಿಂದ ಹೊರಟ ಜಾತಿಯ ಬೈಗುಳವೂ ಲೈವ್‌ನಲ್ಲೇ ಹೋಯಿತು.

ಮಧ್ಯಾಹ್ನದ ಮರುಪ್ರಸಾರದಲ್ಲಿ ಬೈಗುಳ ಇರಲಿಲ್ಲ, ಗೀರುಗಳೂ ಇರಲಿಲ್ಲ. ಕೊಳಲಿನ ಸಂಗೀತ, ಚೆನ್ನುವಿನ ಕೈ, ಕೆಳಗೆ ಕೆಂಪು ಪಟ್ಟಿ: ದುಃಖದಿಂದ ಮತಿಗೆಟ್ಟ ಮಹಿಳೆ, ರಕ್ಷಿಸಿದವರ ಮೇಲೆಯೇ ಹಲ್ಲೆ. ಆದರೆ ಲೈವ್‌ನಲ್ಲಿ ಹೋದದ್ದನ್ನು ವಾಪಸು ಕರೆಯಲು ಟಿವಿಯವರಿಗೂ ಆಗಲಿಲ್ಲ. ಮೂರು ಗಂಟೆಗೆ ಕಂದಾಯ ಇಲಾಖೆಯ ಜೀಪು ಬಂದು ಹದಿನಾಲ್ಕು ಜನರನ್ನೂ ಶಾಲೆಗೆ ಸಾಗಿಸಿತು.

ಮನೆ ಬಿದ್ದ ಚೆನ್ನುವೂ ನಾನೂ ಮೊನ್ನೆಯಿಂದ ಅಲ್ಲೇ ಇದ್ದವರು. ಸಂಜೆಯ ಊಟದ ಸಾಲಿನಲ್ಲಿ ಅವಳ ಸರದಿ ಬಂದಾಗ ಅಡುಗೆಯ ಕಮಲಾವತಿ ಸೌಟು ಎತ್ತಲಿಲ್ಲ. ಅಕ್ಕಿ ಧಣಿಗಳು ಕಳುಹಿಸಿದ್ದು, ಶಾಲೆಯ ಸಮಿತಿಗೂ ಅವರೇ ಅಧ್ಯಕ್ಷರು. ತಮ್ಮ ಒಂದು ಅಗುಳೂ ಅವಳ ತಟ್ಟೆಗೆ ಬೀಳಬಾರದೆಂದು ಫೋನು ಬಂದಿತ್ತಂತೆ. ಕಮಲಾವತಿ ಅದನ್ನು ನೆಲ ನೋಡುತ್ತ ಹೇಳಿದಳು. ಚೆನ್ನು ತಟ್ಟೆ ಕವುಚಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತಳು.

ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಕಮಲಾವತಿ ಬಂದಳು. ಕೈಯಲ್ಲಿ ಅವಳದೇ ಬುತ್ತಿ. ಬೆಳಿಗ್ಗೆ ಮನೆಯಿಂದ ತಂದದ್ದು, ಬಡಿಸುವ ಗಡಿಬಿಡಿಯಲ್ಲಿ ಮುಟ್ಟಿರಲಿಲ್ಲ. ಕುಚ್ಚಲಕ್ಕಿ ಅನ್ನ, ಹುರುಳಿ ಚಟ್ನಿ. ಸೂತಕದವಳಿಗೆ ಆಗುವುದಿಲ್ಲವೆಂದು ಒಣಮೀನನ್ನು ಬೇರೆ ಮುಚ್ಚಳಕ್ಕೆ ತೆಗೆದಿಟ್ಟು ಬಂದಿದ್ದಳು. ಬುತ್ತಿಯನ್ನು ಚೆನ್ನುವಿನ ಕೈಗೆ ಕೊಟ್ಟು, ಧಣಿಗಳ ಅನ್ನ ಬಡಿಸಲು ಒಳಗೆ ಹೋದಳು.