ದೇವರು ಕೂತ ಕುಕ್ಕೆ

ಕಾಫಿ ಅರಳಿಸುವ ಹೂಮಳೆ ಬಿದ್ದು ಒಂಬತ್ತನೇ ದಿನ. ವನಗೂರಿನ ತೋಟಗಳೆಲ್ಲ ಬೆಳ್ಳಗಾಗಿದ್ದವು. ಕಾಫಿ ಹೂವಿನ ಘಮ ಉಸಿರೆಳೆದರೆ ನಿದ್ದೆ ಬರುವಷ್ಟು ದಟ್ಟವಾಗಿತ್ತು. ಆ ಬಿಳುಪಿನ ನಡುವೆ ಇನ್ನೊಂದು ಬಿಳುಪು ನಿಧಾನವಾಗಿ ಸರಿಯುತ್ತಿತ್ತು. ವೈರಸ್ ಸಂಶೋಧನೆಗೆಂದು ಬಂದಿದ್ದ ಮಧುಶ್ರೀ ಬಿಳಿ ಬಟ್ಟೆಯೊಂದಕ್ಕೆ ಹಗ್ಗ ಕಟ್ಟಿ, ಒಣ ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಎಸ್ಟೇಟಿನ ಹಳೇ ಆಳು ಕುಳ್ಳಯ್ಯ ದಾರಿ ತೋರಿಸುತ್ತ ಜೊತೆಗಿದ್ದ.

ಹತ್ತು ಹೆಜ್ಜೆಗೊಮ್ಮೆ ಅವಳು ಬಟ್ಟೆ ಮಗುಚಿ, ಚಿಮಟಿಯಿಂದ ಏನನ್ನೋ ಹೆಕ್ಕಿ ಸೀಸೆಗೆ ಹಾಕುವಳು. ಕುಳ್ಳಯ್ಯ ಬಗ್ಗಿ ನೋಡಿದ. ರಾಗಿಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು, ಚುಕ್ಕೆಗಳಿಗೆ ಕಾಲು. ಉಣುಗಿನ ಮರಿಗಳು ಎಂದಳು. ಮಂಗ ಸತ್ತು ಮೈ ತಣ್ಣಗಾದೊಡನೆ ಇವು ಇಳಿದು ಬೇರೆ ಮೈ ಹುಡುಕುತ್ತವಂತೆ. ಮಂಗನ ಕಾಯಿಲೆ ಇವು ಕಚ್ಚಿದರೆ ಬರುವುದಂತೆ. ಈ ಗುಡ್ಡಕ್ಕೂ ಅದು ಬಂದಿದೆಯೋ ನೋಡಬೇಕು, ಎಲ್ಲಾದರೂ ಮಂಗ ಸತ್ತದ್ದು ಕಂಡಿರಾ ಎಂದು ಕೇಳಿದಳು.

ಇಲ್ಲ ಅಂದುಬಿಟ್ಟ ಕುಳ್ಳಯ್ಯ.

ಹತ್ತು ದಿನದ ಕೆಳಗೆ ಅತ್ತಿಮರದ ಬುಡದಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಹನುಮಪ್ಪನನ್ನು ಹಾಗೇ ಬಿಡುವುದುಂಟೇ? ನೀರೆರೆದು, ತನ್ನ ಬಿಳಿ ಪಂಚೆ ಹೊದಿಸಿ, ಮನೆಯ ಬಿದಿರು ಕುಕ್ಕೆಯಲ್ಲಿ ಕೂರಿಸಿ ಹೊತ್ತೊಯ್ದು ಮಣ್ಣು ಮಾಡಿದ್ದ. ಪಂಚೆಯ ಮೇಲೆ ಇಂಥವೇ ಚುಕ್ಕೆಗಳು ಹರಿದಾಡಿದ್ದವು. ದೇವರು ಕೂತ ಕುಕ್ಕೆಯನ್ನು ತೊಳೆಯಬಾರದೆಂದು ಹಾಗೆಯೇ ತಂದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ. ಬೈದಾಳೆಂದು ಹೆಂಡತಿ ಗಂಗಾಮಣಿಗೆ ಹೇಳಿರಲಿಲ್ಲ. ಅವಳು ಅದರಲ್ಲೇ ದಿನವೂ ತರಗೆಲೆ ಹೊತ್ತು ತಂದು ಹಸುವಿನ ಕಾಲಡಿಗೆ ಹಾಸುತ್ತಿದ್ದಳು. ನಿನ್ನೆಯಿಂದ ಅವಳಿಗೆ ಜ್ವರ.

ಹೇಳಿದರೆ ಇವರು ಮಲಗಿದ ದೇವರನ್ನು ಅಗೆದು ಎಬ್ಬಿಸುತ್ತಾರೆ. ಹೇಳದಿದ್ದರೆ? ಮುಂದೆ ಬಟ್ಟೆ ಸರಿಯುತ್ತಲೇ ಇತ್ತು. ಹೂವಿನ ಮಬ್ಬಿನಲ್ಲಿ ಅದು ತನ್ನ ಪಂಚೆಯಂತೆಯೇ ಕಂಡಿತು. ಅದರ ಮೇಲೆ ಯಾರೋ ಕುಕ್ಕರಗಾಲಲ್ಲಿ ಕೂತು, ಮುಖ ತಿರುಗಿಸಿ, ತನ್ನನ್ನೇ ನೋಡುತ್ತ ದೂರವಾಗುತ್ತಿದ್ದಂತೆ ಅನಿಸಿತು. ಆ ಮುಖ ಹನುಮಪ್ಪನದಾಗಿರಲಿಲ್ಲ, ಗಂಗಾಮಣಿಯದು.

"ತಾಯಿ, ನಿಂತ್ಕಳಿ. ಸುಳ್ಳು ಹೇಳ್ಬುಟ್ಟೆ. ಹತ್ ದಿನದ್ ಕೆಳ್ಗೆ ಹನುಮಪ್ಪನ್ನ ಕುಕ್ಕೇಲಿ ಹೊತ್ಕೊಂಡೋಗಿ ಮಣ್ ಮಾಡ್ದೋನು ನಾನೇಯ. ಬೇಕಾರೆ ಅಗೀರಿ. ಮೊದ್ಲು ಮನೇತಕ್ ಬನ್ನಿ, ಅದೇ ಕುಕ್ಕೇಲಿ ತರಗೆಲೆ ಹೊತ್ತ ನಮ್ಮವಳಿಗೆ ಜ್ವರ ಐತೆ."

ಮಧುಶ್ರೀ ಬೈಯಲಿಲ್ಲ. ಹತ್ತು ದಿನದ ಮೇಲೆ ಅಗೆದರೆ ಏನೂ ಸಿಗದು, ದೇವರು ಮಲಗಿರಲಿ, ಕುಕ್ಕೆ ತೋರಿಸಿ ಎಂದಳು. ಎಸ್ಟೇಟಿನ ಆಳುಗಳ ಲೈನ್ ಮನೆಯ ಅಂಗಳದಲ್ಲಿ ಬಟ್ಟೆ ಹಾಸಿ, ಕೈಗವಸು ತೊಟ್ಟು ಕುಕ್ಕೆಯನ್ನು ಬೋರಲು ಹಾಕಿ ತಟ್ಟಿದಳು. ಏಳೆಂಟು ಚುಕ್ಕೆ ಉದುರಿ, ನಡೆಯತೊಡಗಿದವು.

ಆಸ್ಪತ್ರೆಗೆ ಒಯ್ಯುವ ಜೀಪು ಬರುವ ತನಕ ಕುಳ್ಳಯ್ಯ ಇದಕ್ಕೆ ಸೂಜಿಯೇನೂ ಇಲ್ಲವೇ ಎಂದು ಮತ್ತೆ ಮತ್ತೆ ಕೇಳಿದ. ಹಳೇ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದೆ ಅದನ್ನು ನಿಲ್ಲಿಸಿದ್ದಾರೆ, ಹೊಸದನ್ನು ಈಗ ಮನುಷ್ಯರ ಮೇಲೆ ಪರೀಕ್ಷಿಸಿ ನೋಡುತ್ತಿದ್ದಾರೆ, ಬಂದರೂ ಅದು ಜ್ವರ ಬರುವ ಮುಂಚೆ ಹಾಕುವಂಥದ್ದು ಎಂದು ಅವಳು ಬಿಡಿಸಿ ಹೇಳಿದಳು. ಕಂಬಳಿಯೊಳಗಿಂದ ಗಂಗಾಮಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ದೇವ್ರನ್ನ ಹೊರೋಕೆ ನನ್ ಕುಕ್ಕೇನೇ ಬೇಕಿತ್ತಾ ಮಾರಾಯ," ಎಂದಳು ಕಣ್ಣು ತೆರೆಯದೆಯೇ.

ಅವಳ ರಕ್ತ ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಹೋಯಿತು. ಮಂಗನ ಕಾಯಿಲೆಯೇ ಎಂದು ಉತ್ತರ ಬಂತು. ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಆ ಸಂಜೆ ಕುಳ್ಳಯ್ಯ ಕುಕ್ಕೆಯೊಳಗೆ ಕರ್ಪೂರವಿಟ್ಟು, ಕೈಮುಗಿದು, ಬೆಂಕಿ ಕೊಟ್ಟ. ಬಿದಿರು ಪಟಪಟ ಸಿಡಿಯುತ್ತ ಉರಿಯಿತು. ಆಮೇಲೆ ಹಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತ. ಹನಿ ಹನಿಯಾಗಿ ಬಾಟಲಿ ಇಳಿಯುವುದನ್ನು ನೋಡುತ್ತ, ಅದು ಹೂಮಳೆ ಎಂದುಕೊಂಡು ತೂಕಡಿಸುತ್ತಿದ್ದ.

ಆಸ್ಪತ್ರೆ ಸೇರಿದ ಹದಿಮೂರನೇ ದಿನ ಮನೆಗೆ ಮರಳಿದ ಗಂಗಾಮಣಿ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ತೋಟದಲ್ಲಿ ಹೂವು ಕಂದಿ ಉದುರಿಯಾಗಿತ್ತು. ಗೂಟದಲ್ಲಿ ಹೊಸ ಕುಕ್ಕೆ. ಒಳಗೆ, ತಳದಿಂದ ಅಂಚಿನವರೆಗೆ, ಕುಳ್ಳಯ್ಯ ತನ್ನ ಉಳಿದ ಇನ್ನೊಂದು ಬಿಳಿ ಪಂಚೆಯನ್ನು ಹರಿದು ದಬ್ಬಳದಿಂದ ಹೊಲಿದಿದ್ದ.

ಅವಳು ಅದನ್ನು ಬೆಳಕಿಗೆ ಹಿಡಿದು, ಬಿಳುಪಿನ ಮೇಲೆ ಎಲ್ಲಾದರೂ ಚುಕ್ಕೆ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು.